ಅಜ್ಜ ಇಲ್ಲ, ಹೋದ್ರು

ನಮ್ಮ ಮಂದಿ ಯಾರಾದರೂ ಮನೆಯಲ್ಲಿ ಇಲ್ಲದಿದ್ದರೆ ‘ಇಲ್ಲ’ ಎಂದು ಹೇಳುವುದಿಲ್ಲ. ‘ಹೊರಗ ಹೋಗ್ಯಾರ, ಬರತಾರ’ ಎನ್ನುತ್ತಾರೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ, ಬಳೆ ಒಡೆದರೆ ಹೆಚ್ಚಿದವು ಎನ್ನುವ ಜನ ನಾವು. ಮುಂದೆ ‘ಬರತಾರ’ ಸೇರದ ಬರಿಯ ‘ಇಲ್ಲ’ಕ್ಕೆ ನಮ್ಮಲ್ಲಿ ಒಂದೇ ಅರ್ಥ. ಇದನ್ನು ಯಾರೂ ಯಾರಿಗೂ ಕೂರಿಸಿ ಕಲಿಸುವುದಿಲ್ಲ. ಧಾರವಾಡದಲ್ಲಿ ಹುಟ್ಟಿದವರಿಗೆ ಅದು ಕುಡಿಯುವ ನೀರಿನ ಜೊತೆಗೇ ಒಳಗೆ ಹೋಗಿರುತ್ತದೆ. ನಾಗಪುರದ ಪ್ರತಾಪ ನಗರದಲ್ಲಿ ಹುಟ್ಟಿದ ನನ್ನ ಮಗಳಿಗೆ ಹೋಗಿರಲಿಲ್ಲ ಎಂಬುದು, ಅವಳಿಗೆ ಇಪ್ಪತ್ತೆರಡು ತುಂಬಿ, ಅದೇ ಊರಿನ ಸದರ್ ಬಡಾವಣೆಯ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಸಂಬಳ ತರತೊಡಗಿದ ಮೇಲೆ ನನಗೆ ಗೊತ್ತಾಯಿತು. ಚಿಂತೆಯನ್ನೇ ಕಸುಬು ಮಾಡಿಕೊಂಡವಳು ನಾನು. ಅವಳ ಕಣ್ಣು, ಹಲ್ಲು, ಮದುವೆ, ಸ್ಕೂಟರಿನ ಬ್ರೇಕು ಎಲ್ಲಕ್ಕೂ ಚಿಂತಿಸಿದ್ದೆ. ಕ್ರಿಯಾಪದಕ್ಕೂ ಚಿಂತಿಸಬೇಕೆಂದು ಹೊಳೆದಿರಲಿಲ್ಲ.

ಮನೆಯಲ್ಲಿ ಆಗ ನಾವು ನಾಲ್ವರು. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಗಂಡ ಆಡಿಟ್ ಕೆಲಸದಲ್ಲಿದ್ದು ತಿಂಗಳಲ್ಲಿ ಅರ್ಧ ಪ್ರವಾಸದಲ್ಲಿರುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಮಾವ ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಅವರಿಗೂ ಮಗಳಿಗೂ ಪಡಸಾಲೆಯಲ್ಲಿ ದಿನವೂ ಗಡಿಜಗಳ. ಫೋನು ಅವರ ಕುರ್ಚಿಯ ಪಕ್ಕದಲ್ಲಿತ್ತು. ಅವಳ ಗೆಳೆಯ ಗೆಳತಿಯರು ಫೋನು ಮಾಡಿದರೆ ಯಾರು, ಏನು ಕೆಲಸ, ಅಪ್ಪ ಏನು ಮಾಡುತ್ತಾನೆ ಎಂದು ವಿಚಾರಣೆ ಮುಗಿಸಿಯೇ ಅವಳಿಗೆ ಕೊಡುತ್ತಿದ್ದರು. ಅವಳು ಕೂಲರ್ ಹಾಕುತ್ತಿದ್ದಳು, ಅವರು ನೀರು ದಂಡವಾಗುತ್ತದೆಂದು ಆರಿಸುತ್ತಿದ್ದರು. ಈಗಿನವರಿಗೆ ಎಲ್ಲವೂ ಜಲ್ದಿ ಬೇಕು, ನಿಂತು ತಿನ್ನುತ್ತಾರೆ, ಅರ್ಧ ಮಾತಾಡುತ್ತಾರೆ, ಹಿರಿಯರು ಯಾವಾಗ ಜಾಗ ಖಾಲಿ ಮಾಡುತ್ತಾರೋ ಎಂದು ಗಡಿಯಾರ ನೋಡುತ್ತಾರೆ, ಇದು ಅವರ ದೂರು. ಮುದುಕರಿಗೆ ಕಿವಿ ಮಂದ, ತಮ್ಮ ಬಗ್ಗೆ ಆಡಿದ್ದು ಮಾತ್ರ ಬರೋಬರ್ ಕೇಳಿಸುತ್ತದೆ, ಇದು ಅವಳದು. ಕೈತುಂಬ ಸಂಬಳ ತರುವವಳನ್ನು ಅವರು ಇನ್ನೂ ‘ಕೂಸ’ ಎಂದೇ ಕರೆಯುತ್ತಿದ್ದರು. ಅದು ಅವಳಿಗೆ ಮುಳ್ಳು. ಇಬ್ಬರ ದೂರನ್ನೂ ಕೇಳಿಸಿಕೊಂಡು ಇಬ್ಬರಿಗೂ ತಲೆಯಾಡಿಸುವುದು ನನ್ನ ಕೆಲಸ.

ಮೇ ತಿಂಗಳ ಒಂದು ಶನಿವಾರ ಮಾವ ನಸುಕಿನಲ್ಲೇ ಎದ್ದು, ಬಿಸಿಗಾಳಿ ಬಡಿಯದಿರಲೆಂದು ಅಂಗಿಯ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡು ಜೋಳ ತರಲು ಇತವಾರಿ ಪೇಟೆಗೆ ಹೋದರು. ಪ್ರತಾಪ ನಗರದ ಅಂಗಡಿಯ ಜೋಳದಿಂದ ರೊಟ್ಟಿ ಹರಿಯುತ್ತದೆ ಎಂಬುದು ಅವರ ನಂಬಿಕೆ. ಅವರು ಹೋದ ಸ್ವಲ್ಪ ಹೊತ್ತಿಗೆ ಧಾರವಾಡದಿಂದ ಅವರ ತಂಗಿಯ ಫೋನು ಬಂತು. ತೆಗೆದವಳು ಮಗಳು. ಒದ್ದೆ ಕೂದಲು, ಕೈಯಲ್ಲಿ ಸ್ಕೂಟರಿನ ಕೀಲಿ. ಆ ಮಾತುಕತೆಯನ್ನು ನಾನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿ ಜೋಡಿಸಿಕೊಂಡಿದ್ದೇನೆ.

‘ಅಣ್ಣಾ ಇದ್ದಾನೇನ?’

‘ಅಜ್ಜ ಇಲ್ಲ. ಹೋದ್ರು.’

‘ಯಾವಾಗ?’

‘ಮುಂಜಾನೆ. ನಾವೆಲ್ಲಾ ಮಲ್ಕೊಂಡಿದ್ವಿ, ಗೊತ್ತಾಗಲೇ ಇಲ್ಲ.’

‘ಏನಾಗಿತ್ತವಾ?’

‘ಏನಾಗಿಲ್ಲ. ಜ್ವಾರಿ.’

ಜೋಳ ಎಂಬ ಶಬ್ದ ಅವಳ ನಾಲಗೆಗೆ ತಕ್ಷಣ ಸಿಗಲಿಲ್ಲ. ಮರಾಠಿಯ ಜ್ವಾರಿ ಸಿಕ್ಕಿತು. ಆ ಕಡೆಯ ಎಪ್ಪತ್ತರ ಕಿವಿಗೆ ಜ್ವರ ಎಂದು ಕೇಳಿಸಿತು. ಹತ್ತಿರ ಯಾರೂ ಇರಲಿಲ್ಲವೇ ಎಂದು ಮುದುಕಿ ಕೇಳಿದರೆ ಇವಳು, ಇಲ್ಲ, ಒಬ್ಬರೇ ಹೋದರು, ಅವರಿಗೆ ಯಾರ ಜೋಡಿಯೂ ಬೇಕಾಗುವುದಿಲ್ಲ ಎಂದಳಂತೆ. ಒಂದೊಂದು ಮಾತೂ ಸತ್ಯ. ಆ ಕಡೆಯಿಂದ ಏನೋ ಸದ್ದು ಬಂತು, ಲೈನು ಕೆಟ್ಟಿದೆ ಎಂದುಕೊಂಡು ಇವಳು ಫೋನಿಟ್ಟು ಕಚೇರಿಗೆ ಹೋದಳು.

ಮಾವ ಜೋಳದ ಚೀಲದೊಂದಿಗೆ ತಿರುಗಿ ಬಂದು, ಉಂಡು, ಮಲಗಿದರು. ನಾಗಪುರದ ಮೇ ತಿಂಗಳ ಮಧ್ಯಾಹ್ನ ಊರಿನಲ್ಲಿ ಯಾರೂ ಇರುವುದಿಲ್ಲ. ರಸ್ತೆ ಬಿಳಿಯಾಗಿ ಉರಿಯುತ್ತಿರುತ್ತದೆ, ನಾಯಿಗಳು ಸಹ ಗಟಾರದೊಳಗೆ ಇಳಿದಿರುತ್ತವೆ. ಮಟಮಟ ಮಧ್ಯಾಹ್ನದಲ್ಲಿ ತಿರುಗುವುದು ದೆವ್ವಗಳು ಮಾತ್ರ ಎಂದು ನನ್ನಜ್ಜಿ ಹೇಳುತ್ತಿದ್ದಳು. ಅಜ್ಜಿ ನಾಗಪುರ ನೋಡಿರಲಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಳು. ಅಂಥ ಹೊತ್ತಿನಲ್ಲಿ ಬಾಗಿಲ ಗಂಟೆ ಬಡಿಯಿತು. ಬಾಗಿಲು ತೆರೆದವರು ಮಾವನೇ. ಹೊರಗೆ ನಿಂತಿದ್ದವರು ಸದರ್‌ನಲ್ಲಿರುವ ನಮ್ಮ ಕಡೆಯ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಮಾವನ ಇಸ್ಪೀಟಿನ ಜೊತೆಗಾರ. ಕೈಯಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ಏನೋ ಇತ್ತು. ಬಿಸಿಲಿನಿಂದ ಕತ್ತಲೆಯ ಪಡಸಾಲೆಗೆ ಕಾಲಿಟ್ಟ ಅವರ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಾಗಿಲು ತೆರೆದ ಆಕಾರವನ್ನು ಮನೆಯ ಯಾರೋ ಗಂಡಸು ಎಂದುಕೊಂಡು, ದನಿ ಇಳಿಸಿ ಕೇಳಿದರು.

‘ಎಲ್ಲೆ ಇಟ್ಟೀರಿ?’

‘ಅಡಿಗಿಮನ್ಯಾಗ,’ ಎಂದರು ಮಾವ. ಜೋಳದ ಸುದ್ದಿ ಇಷ್ಟು ಬೇಗ ಸದರ್‌ವರೆಗೆ ಹೋಯಿತೇ ಎಂದು ಅವರಿಗೆ ಸ್ವಲ್ಪ ಹೆಮ್ಮೆಯೂ ಆಗಿರಬೇಕು.

‘ಅಡಿಗಿಮನ್ಯಾಗ ಯಾಕ?’

‘ಹೊರಗಿಟ್ರ ಇಲಿ ಬರತಾವಲ್ಲ.’

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ನನಗೆ ಏನೂ ಅರ್ಥವಾಗಲಿಲ್ಲ. ಬಂದವರ ಕಣ್ಣು ಕತ್ತಲೆಗೆ ಹೊಂದಿಕೊಂಡದ್ದು ಆಗ. ಅವರು ಮಾವನ ಮುಖ ನೋಡಿದರು. ಚೀರಲಿಲ್ಲ. ಕೈಚಾಚಿ ಮಾವನ ಮೊಣಕೈಯನ್ನು ಎರಡು ಬೆರಳಿನಿಂದ, ತವೆ ಕಾದಿದೆಯೋ ಎಂದು ನೋಡುವವರ ಹಾಗೆ ಮುಟ್ಟಿ, ಅಲ್ಲಿಯೇ ನೆಲಕ್ಕೆ ಕುಸಿದು ಕುಳಿತರು. ನೀರು ಕುಡಿದ ಮೇಲೆ ವಿಷಯ ತಿಳಿಯಿತು. ಧಾರವಾಡದಿಂದ ಸುದ್ದಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ತಿರುಗಿ ನಾಗಪುರದ ಅವರ ಮನೆಗೆ ಬಂದಿತ್ತು. ನಮ್ಮ ಮನೆಯೊಳಗೆ ಮಾತ್ರ ಬಂದಿರಲಿಲ್ಲ. ಅವರು ಹೋದ ಮೇಲೆ ಮೇಜಿನ ಮೇಲೆ ಆ ಪೇಪರಿನ ಪೊಟ್ಟಣ ಉಳಿಯಿತು, ಒಳಗೆ ಸೇವಂತಿಗೆ ಹಾರ. ಸತ್ತವರಿಗೆಂದು ತಂದದ್ದನ್ನು ದೇವರಿಗೆ ಹಾಕುವಂತಿಲ್ಲ. ಬದುಕಿರುವವರಿಗೆ ಹಾಕಲು ಕಾರಣವಿಲ್ಲ. ನಾನು ಅದನ್ನು ನೋಡುತ್ತಾ ನಿಂತಿದ್ದೆ. ಮಾವ ಬಂದು ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತಿದರು.

ಸಂಜೆ ಅವರೇ ತಂಗಿಗೆ ಫೋನು ಮಾಡಿದರು. ‘ನಾನು’ ಎಂದರು. ಆ ಕಡೆಯಿಂದ ನನಗೂ ಕೇಳುವಷ್ಟು ಗಟ್ಟಿಯಾಗಿ ತಂಗಿ ಅತ್ತದ್ದು ಇಷ್ಟು: ‘ನಿನ್ನ ಹೆಸರಲೆ ತಲಿಮ್ಯಾಲೆ ನೀರು ಹಾಕ್ಕೊಂಡೇನೋ ಅಣ್ಣಾ.’ ಮಾವ ಫೋನನ್ನು ಮೆಲ್ಲಗೆ ಇಟ್ಟರು. ಸಾವಿನ ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚಾಗುತ್ತದಂತೆ ಎಂದು ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ‘ಯಾರದು?’ ಎಂದರು.

ಮಗಳು ಬಂದಳು. ವಿಷಯ ಕೇಳಿ ಮೊದಲು ನಕ್ಕಳು. ಅದು ನಗುವ ವಿಷಯವೇ, ನಾನೂ ಒಳಗೊಳಗೆ ನಕ್ಕಿದ್ದೆ. ಆದರೆ ಅವಳ ನಗು ಎಲ್ಲರಿಗೂ ಕೇಳುವಂಥದು. ಆಮೇಲೆ ಅಜ್ಜನ ಮುಖ ನೋಡಿ, ಸಾರಿ ಅಜ್ಜಾ, ಗಲತ್‌ಫಹಮಿ ಆತು, ಅವರು ತಪ್ಪು ತಿಳಕೊಂಡ್ರು ಎಂದಳು.

‘ನೀವು ಹುಡುಗೋರು, “ಹೋದ್ರು” ಅಂದ್ರಿ,’ ಎಂದರು ಮಾವ. ಬೈಯುವ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ. ‘ಮಂದಿ ನಂಬಿದ್ರು. ನೀರೂ ಹಾಕ್ಕೊಂಡ್ರು. ಹಾರಾನೂ ಬಂತು. ಇನ್ನ ನಾ ಉಳದು ಏನ್ ಮಾಡ್ಲಿ?’

ಅಷ್ಟೇ. ಮರುದಿನದಿಂದ ಅವರು ಮಾತಾಡಲಿಲ್ಲ.

ಮಾತಾಡದಿರುವುದು ನಮ್ಮ ಮನೆಗೆ ಹೊಸದೇನಲ್ಲ. ನನ್ನ ಗಂಡ ಮದುವೆಯಾದಾಗಿನಿಂದಲೂ ಅದನ್ನು ಅಭ್ಯಾಸ ಮಾಡುತ್ತಿದ್ದಾರೆ. ಆದರೆ ಮಾವ ಮಾಡಿದ್ದು ಬೇರೆ. ಅವರು ಸಿಟ್ಟಾದವರ ಹಾಗೆ ಇರಲಿಲ್ಲ, ತೀರಿಹೋದವರ ಹಾಗೆ ಇದ್ದರು. ಬಾಗಿಲ ಬಳಿಯ ಚಪ್ಪಲಿ ಕಾಣೆಯಾಯಿತು. ಬಚ್ಚಲ ಗೂಟದ ಮೇಲಿನ ಪಂಚೆ ಕಾಣೆಯಾಯಿತು. ಮುಂಜಾನೆಯ ಕೆಮ್ಮು, ಪೇಪರು ಮಡಚುವ ಸದ್ದು, ಕುರ್ಚಿ ಎಳೆಯುವ ಸದ್ದು ಒಂದೊಂದಾಗಿ ನಿಂತವು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಮುಚ್ಚಿಟ್ಟ ತಟ್ಟೆ ಸ್ವಲ್ಪ ಹೊತ್ತಿನ ಮೇಲೆ ತೊಳೆದು ಬೋರಲಾಗಿರುತ್ತಿತ್ತು, ಉಂಡದ್ದನ್ನು ಯಾರೂ ನೋಡಿರುತ್ತಿರಲಿಲ್ಲ. ಪಿತೃಪಕ್ಷದಲ್ಲಿ ಎಡೆಯಿಟ್ಟು ಬಾಗಿಲು ಹಾಕಿಕೊಳ್ಳುತ್ತೇವಲ್ಲ, ಹಾಗೆ ನಾನು ದಿನಕ್ಕೆರಡು ಸಲ ಮಾಡುತ್ತಿದ್ದೆ. ಹಗಲು ಅವರು ಇರುತ್ತಿದ್ದುದು ಮಹಡಿಯ ಮೇಲೆ, ಮೆಟ್ಟಿಲು ಮುಗಿಯುವಲ್ಲಿ ತಗಡಿನ ಮಾಡಿರುವ ಒಂದು ಸಣ್ಣ ಕೋಣೆಯಲ್ಲಿ. ಹಾರ ಅಲ್ಲಿ ಮೊಳೆಗೆ ತೂಗಿತ್ತು. ಯಾವಾಗ ಇಳಿಯುತ್ತಿದ್ದರು, ಯಾವಾಗ ಹತ್ತುತ್ತಿದ್ದರು ತಿಳಿಯುತ್ತಿರಲಿಲ್ಲ. ಕೂಲರ್ ತನ್ನಷ್ಟಕ್ಕೆ ಆರಿರುತ್ತಿತ್ತು. ಅದೊಂದು ಮಾತ್ರ ಬದಲಾಗಲಿಲ್ಲ.

ಗಂಡ ಪ್ರವಾಸದಿಂದ ಬಂದು, ಬೇಡಿಕೊಂಡು, ಸೋತು, ಮತ್ತೆ ಪ್ರವಾಸಕ್ಕೆ ಹೋದರು. ಡಾಕ್ಟರು ಬಂದು ನಾಡಿ ನೋಡಿ, ವಯಸ್ಸಿಗೆ ತಕ್ಕಂತೆ ಚೆನ್ನಾಗಿದ್ದಾರೆ ಎಂದರು. ಮಾವ ಡಾಕ್ಟರ ಕೈಯನ್ನು, ಯಾರದೋ ನಾಡಿ ನೋಡುತ್ತಿದ್ದಾರೆ ಎಂಬಂತೆ ನೋಡಿದರು.

ನನಗೆ ಹೆದರಿಕೆ ಹತ್ತಿದ್ದು ಅವರು ಆ ಇಲ್ಲದಿರುವುದರಲ್ಲಿ ದಿನದಿನಕ್ಕೆ ಪಳಗುತ್ತಿದ್ದರು ಎಂಬುದಕ್ಕೆ. ಮೊದಮೊದಲು ಎದುರಾದರೆ ಮುಖ ತಿರುಗಿಸುತ್ತಿದ್ದರು. ಆಮೇಲೆ ಅದೂ ಇಲ್ಲ, ಕಣ್ಣು ನಮ್ಮನ್ನು ಹಾದು ಗೋಡೆಗೆ ಹೋಗುತ್ತಿತ್ತು. ಹಟ ಮಾಡುವವರು ಮಧ್ಯದಲ್ಲಿ ಒಮ್ಮೆಯಾದರೂ ಕಳ್ಳಗಣ್ಣಿನಿಂದ ನೋಡುತ್ತಾರೆ. ಇವರು ನೋಡುತ್ತಿರಲಿಲ್ಲ. ಆಡುತ್ತಾ ಆಡುತ್ತಾ ನಿಜವಾಗಿ ಹೋಗಿಬಿಟ್ಟರೆ? ಎದುರುಮನೆಯ ಮರಾಠಿ ಹೆಂಗಸು ಒಂದು ದಿನ, ನಿಮ್ಮ ಮಾವ ಒಳ್ಳೆಯವರಿದ್ದರು ಎಂದರು. ಇದ್ದಾರೆ ಎಂದು ನಾನು ತಿದ್ದಿದೆ. ತಿದ್ದುವ ಮೊದಲು ಒಂದು ಕ್ಷಣ ತಡವಾಯಿತು.

ಮಗಳಿಗೆ ಮತ್ತೊಮ್ಮೆ ಹೋಗಿ ಮಾತಾಡಿಸು ಎಂದೆ. ಅವಳು ಕೂದಲು ಬಾಚುತ್ತಿದ್ದಳು.

‘ಸಾರಿ ಅಂದೀನಲ್ಲ. ಇನ್ನೇನು ನಾನೂ ಸಾಯಲೇನು?’

ಕನ್ನಡ ಬರೋಬರ್ ಮಾತಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದೆ. ಹೇಳಬಾರದಿತ್ತು. ಬಾಚಣಿಗೆ ನಿಂತಿತು.

‘ನಂಗ ಕನ್ನಡದಾಗ ನೀವು ಏನ್ ಕಲಿಸೀರಿ ಅಮ್ಮಾ? ಬಯ್ಯೋದು ಅಷ್ಟ. ಅಜ್ಜ ನನ್ನ ಜೋಡಿ ಕನ್ನಡದಾಗ ಚಲೋ ಮಾತು ಯಾವಾಗ ಆಡ್ಯಾರ, ಒಂದರ ಹೇಳು ನೋಡೋಣ.’

ನಾನು ನೆನಪು ಮಾಡಿಕೊಂಡೆ. ಇನ್ನೂ ಮಾಡಿಕೊಳ್ಳುತ್ತಲೇ ಇದ್ದೇನೆ.

ಅವರು ಬದುಕಿದ್ದಾರೆ ಎಂದು ತಿಳಿಯಲು ನನಗೊಂದು ಉಪಾಯವಿತ್ತು. ಮಧ್ಯಾಹ್ನ ಕಚೇರಿಯಿಂದ ಮನೆಗೆ ಫೋನು ಮಾಡುತ್ತಿದ್ದೆ. ಅವರು ಊಟಕ್ಕೆ ಕೆಳಗಿಳಿದಿರಬಹುದಾದ ಹೊತ್ತು ಅದು. ತುಂಬ ಸಲ ರಿಂಗಾದ ಮೇಲೆ ಯಾರೋ ಎತ್ತುತ್ತಿದ್ದರು. ಮಾತಿಲ್ಲ. ಅತ್ತ ಒಂದು ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಕೇಳಿಸುತ್ತಿತ್ತು. ನಾನು, ‘ಅಪ್ಪಾರ, ನುಚ್ಚು ಫ್ರಿಜ್ಜಿನಾಗ ಅದ, ಮಜ್ಜಿಗಿ ಅದರ ಮ್ಯಾಲಿನ ಖಾನೆದಾಗ’ ಎಂದು ಒಬ್ಬಳೇ ಮಾತಾಡುತ್ತಿದ್ದೆ. ಉಸಿರು ಮುಗಿದು ಫೋನು ಕೆಳಗಿಡುವ ಸದ್ದಾಗುತ್ತಿತ್ತು. ಪಕ್ಕದ ಮೇಜಿನವಳು ಯಾರ ಹತ್ತಿರ ಮಾತಾಡುತ್ತೀರಿ ಎಂದು ಕೇಳಿದರೆ, ಮಾವನ ಹತ್ತಿರ ಎನ್ನುತ್ತಿದ್ದೆ. ಅವಳಿಗೂ ನಮ್ಮ ಮಾವ ತೀರಿಕೊಂಡ ಸುದ್ದಿ ಯಾರಿಂದಲೋ ತಲುಪಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

ಒಂದು ದಿನ ಫೋನು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಮಗಳ ಕಚೇರಿಗೆ ಮಾಡಿ, ನಿನ್ನ ಹತ್ತಿರ ಸ್ಕೂಟರಿದೆ, ಜಲ್ದಿ ಹೋಗು ಎಂದೆ. ‘ನಾಟಕ ಅದು ಅಮ್ಮಾ’ ಎಂದಳು. ನನ್ನ ದನಿಯಲ್ಲಿ ಏನಿತ್ತೋ, ಹೋದಳು. ನಾನು ಆಟೊ ಹಿಡಿದೆ. ಜೀವಮಾನದಲ್ಲಿ ಸಾವಿರ ಚಿಂತೆ ಮಾಡಿದ್ದೇನೆ. ನಿಜವಾದದ್ದು ಇದೊಂದು. ಅದಕ್ಕೇ ಇರಬೇಕು, ದಾರಿಯುದ್ದಕ್ಕೂ ನನಗೆ ನಂಬಿಕೆಯೇ ಬರಲಿಲ್ಲ.

ಮೇಲೆ ಏನು ನಡೆಯಿತು ಎಂಬುದನ್ನು ಮಗಳು ಹೇಳಿದಂತೆ ಹೇಳುತ್ತೇನೆ. ಅವಳು ಓಡಿ ಮೆಟ್ಟಿಲು ಹತ್ತಿದಳು. ಸ್ಕೂಟರಿನ ಮೇಲೆ ಬಿಸಿಲಿಗೆ ಈ ಊರಿನ ಹುಡುಗಿಯರೆಲ್ಲ ಸುತ್ತಿಕೊಳ್ಳುವ ಹಾಗೆ ಬಿಳಿ ದುಪಟ್ಟಾವನ್ನು ತಲೆಗೂ ಮುಖಕ್ಕೂ ಸುತ್ತಿಕೊಂಡಿದ್ದಳು, ಕಣ್ಣು ಮಾತ್ರ ಹೊರಗೆ. ಬಿಚ್ಚಲು ನೆನಪಾಗಲಿಲ್ಲ. ತಗಡಿನ ಕೋಣೆ ಒಲೆಯಾಗಿತ್ತು. ಅಜ್ಜ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಮೈ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ಇವಳು ಕೆಳಗೆ ಓಡಿ, ತಣ್ಣೀರಿನ ಮಡಕೆಯೊಳಗೇ ಕೈ ಅದ್ದಿ ತಂಬಿಗೆ ತುಂಬಿಕೊಂಡು ಮತ್ತೆ ಹತ್ತಿದಳು. ನೀರು ಬಾಯಿಗಿಟ್ಟರೆ ಅವರು ತುಟಿ ಬಿಗಿಹಿಡಿದರು. ಕಣ್ಣು ತೆರೆದು ಇವಳ ಬಿಳಿ ಮುಸುಕನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಮಾತು ಹೊರಟಿತು, ಬಹುವಚನದಲ್ಲಿ.

‘ನೀವೂ ಹೋದವರೇನ್ರಿ?’

ಅಲ್ಲ ಅಜ್ಜಾ, ನಾನು ಎಂದು ಹೇಳಲು ಬಾಯಿ ತೆರೆದಳಂತೆ. ಅವರ ತುಟಿ ನೋಡಿದಳು. ‘ಹೂಂರಿ,’ ಎಂದಳು. ‘ಇಲ್ಲಿ ಬಂದವರು ನೀರು ಕುಡೀಬೇಕ್ರಿ.’

ಅವರು ತುಟಿ ಬಿಟ್ಟರು, ಕುಡಿದರು.

ನಾನು ತಲುಪಿದಾಗ ಅವಳು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದೇ ದುಪಟ್ಟಾವನ್ನು ನೀರಲ್ಲಿ ಅದ್ದಿ ಎದೆಗೆ ಒತ್ತುತ್ತಿದ್ದಳು. ಇಬ್ಬರೂ ಸೇರಿ ಇಳಿಸಿದೆವು. ಆಸ್ಪತ್ರೆ, ಸಲೈನು, ಮನೆಗೆ ಬಂದ ಮೇಲೆ ಪನ್ಹಾ ಎನ್ನುವ ಮಾವಿನಕಾಯಿ ಪಾನಕ. ವಾರದಲ್ಲಿ ಮಾವ ಎದ್ದು ಕೂತರು. ಊಟಕ್ಕೆ ಎಲ್ಲರ ಜೊತೆ ಬಂದರು. ಕೆಮ್ಮಿದರು. ‘ಏನವ್ವಾ, ಸಾರಿಗೆ ಉಪ್ಪ ಹಾಕಿಲ್ಲಲ್ಲ’ ಎಂದರು. ಆ ಮಾತು ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತುಬಂದೆ. ಸಾರಿಗೆ ಉಪ್ಪು ಹಾಕಿದ್ದೆ.

ಆದರೆ ಅವರು ಒಂದು ಮಾತನ್ನು ಬಿಡಲಿಲ್ಲ. ಮಹಡಿಯ ಮೇಲೆ ಯಾರೋ ಒಬ್ಬ ಹುಡುಗಿ ಬಂದಿದ್ದಳಂತೆ. ಅದು ನಿಮ್ಮ ಮೊಮ್ಮಗಳೇ ಎಂದು ನಾನೂ ಗಂಡನೂ ಎಷ್ಟು ಹೇಳಿದರೂ ಮಾವ ನಕ್ಕುಬಿಡುತ್ತಿದ್ದರು.

‘ಈಕಿ ಅಲ್ಲ. ಆಕಿ ಕನ್ನಡ ಎಷ್ಟ್ ಸ್ವಚ್ಛ. ರೀ ಹಚ್ಚಿ ಮಾತಾಡಸ್ತಿದ್ಲು. ಈಗಿನವರು ಹಂಗ ಎಲ್ಲಿ ಮಾತಾಡ್ತಾರವಾ?’

ಆಕೆ ತುಂಬ ಹೊತ್ತು ಮಾತಾಡಿದಳಂತೆ. ನೀವು ತಪ್ಪಿ ಬಂದಿದ್ದೀರಿ, ಯಾರೋ ತಪ್ಪು ಮಾತಾಡಿದ್ದಕ್ಕೆ ಬಂದಿದ್ದೀರಿ ಎಂದಳಂತೆ. ಅತ್ತೆಯ ಸುದ್ದಿ ಹೇಳಿದಳಂತೆ, ಧಾರವಾಡದ ಹಳೆಯ ಬಾವಿಯ ನೀರಿನ ರುಚಿ ಹೇಳಿದಳಂತೆ. ನಾನು ಮಗಳನ್ನು ಒಬ್ಬಳನ್ನೇ ಕರೆದು ಕೇಳಿದೆ. ಹೇಳಿದ್ದು ಎರಡೇ ಮಾತು ಎಂದಳು. ಧಾರವಾಡದ ಬಾವಿಯನ್ನು ಅವಳು ನೋಡಿಯೇ ಇಲ್ಲ, ಅವಳು ಹುಟ್ಟುವ ಮೊದಲೇ ಅದನ್ನು ಮುಚ್ಚಿದ್ದರು. ಬಿಸಿಲು ಬಡಿದವರಿಗೆ ಹಾಗೆಲ್ಲ ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೂ ಆ ತಗಡಿನ ಕೋಣೆಗೆ ಹಪ್ಪಳ ಒಣಗಿಸಲು ಹೋಗುವಾಗ ನಾನು ಇಂದಿಗೂ ಮೊದಲು ಕೆಮ್ಮುತ್ತೇನೆ.

ಮಗಳಿಗೆ ಉರಿದುಹೋಯಿತು. ಜೀವ ಉಳಿಸಿದವಳು ತಾನು, ಹೆಸರು ದೆವ್ವಕ್ಕೆ. ಚಿಕ್ಕವರು ಒಳ್ಳೆಯದು ಮಾಡಿದರು ಎಂದು ನಂಬುವುದಕ್ಕಿಂತ ಸತ್ತವರು ಎದ್ದುಬಂದರು ಎಂದು ನಂಬುವುದು ಈ ಮುದುಕರಿಗೆ ಸುಲಭ ಎಂದು ಮರಾಠಿಯಲ್ಲಿ ಗೊಣಗಿದಳು. ಸ್ವಲ್ಪ ದಿನ ಕಳೆದ ಮೇಲೆ ಅವಳು ಅಜ್ಜನ ಎದುರು ಕೂತು ಕೇಳತೊಡಗಿದಳು, ಆಕೆ ಮತ್ತೆ ಏನು ಹೇಳಿದಳು, ಹೇಗೆ ಹೇಳಿದಳು ಎಂದು. ಮಾವ ಹೇಳುತ್ತಿದ್ದರು. ನಡುವೆ ಗೊತ್ತಿಲ್ಲದ ಶಬ್ದ ಬಂದರೆ ಅವಳು ಅರ್ಥ ಕೇಳುತ್ತಿದ್ದಳು. ನನಗೆ ಆಶ್ಚರ್ಯವಾಗಿ ಕಾರಣ ಕೇಳಿದೆ.

‘ಹೊಟ್ಟೆಕಿಚ್ಚು ಅಮ್ಮಾ,’ ಎಂದಳು. ‘ಆಕಿ ಜೋಡಿ ಎಷ್ಟ್ ಚಲೋ ಮಾತಾಡ್ಯಾರ ನೋಡು.’

ಮಳೆ ಹಿಡಿಯುವ ಮೊದಲಿನ ಒಂದು ಭಾನುವಾರ ಮೂವರೂ ಊಟಕ್ಕೆ ಕೂತಿದ್ದೆವು. ಅವಳು ಅಜ್ಜನಿಗೆ ರೊಟ್ಟಿ ಹಾಕಲು ಬಾಗಿದಾಗ ಬೆರಳು ಅವರ ಕೈಗೆ ತಗಲಿತು. ಅವರು ಉಣ್ಣುವುದನ್ನು ನಿಲ್ಲಿಸಿ ಅವಳ ಕೈಯನ್ನೇ ನೋಡಿದರು.

‘ಆಕಿ ಕೈ ತಣ್ಣಗಿದ್ವು,’ ಎಂದರು. ‘ನಿನ್ನವು ಬಿಸಿ ಅವ.’

ಅವಳು ಕೈ ಹಿಂದೆ ತೆಗೆದುಕೊಳ್ಳುತ್ತಾಳೆ, ಎದ್ದು ಹೋಗುತ್ತಾಳೆ, ಮತ್ತೆ ಮೊದಲಿನಿಂದ ಎಲ್ಲ ಶುರುವಾಗುತ್ತದೆ ಎಂದು ನಾನು ಅಷ್ಟರಲ್ಲೇ ಚಿಂತಿಸಿ ಮುಗಿಸಿದ್ದೆ. ಅವಳು ಕೈ ಅಲ್ಲೇ ಇಟ್ಟಳು.

‘ಬಿಸಿನ ಇರಬೇಕಲ್ರಿ ಅಜ್ಜಾ.’

ಮಾವ ಅವಳ ದನಿಯನ್ನು ಎಲ್ಲಿಯೋ ಕೇಳಿದವರ ಹಾಗೆ ತಲೆ ಓರೆ ಮಾಡಿದರು. ಅವರ ಕಣ್ಣು ಅವಳ ಮುಖದ ಮೇಲೆ ಹೋಗಿ, ಬಾಯಿ ಮೂಗುಗಳನ್ನು ಬಿಟ್ಟು, ಕಣ್ಣಿನ ಮೇಲೆ ಮಾತ್ರ ನಿಂತಿತು. ಅವರಿಗೆ ಆಗ ಏನು ಕಂಡಿತೋ ನನಗೆ ತಿಳಿಯದು. ನನಗಂತೂ ಒಂದು ಕ್ಷಣ, ನನ್ನ ಮಗಳು ಇಷ್ಟು ಸ್ವಚ್ಛವಾಗಿ ‘ರೀ’ ಹಚ್ಚಲು ಯಾವಾಗ ಕಲಿತಳು, ಯಾರಿಂದ ಕಲಿತಳು ಎಂದು ಹೆದರಿಕೆಯಾಯಿತು.

‘ಇನ್ನೊಂದು ಹಾಕು,’ ಎಂದರು ಮಾವ, ಅವಳಿಗೆ.